ಜೀಪಿನ ಎಡಗಡೆ ಸೀಟು

ಅವರನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ, ಮೂಡಿಗೆರೆಯ ಅವರ ಮನೆಯ ಜಗುಲಿಯಲ್ಲಿ ಕೂತಿದ್ದ ನೆಂಟರೊಬ್ಬರು, "ಕೊನೇಲಿ ಅವರ ಮನಸ್ಸಲ್ಲಿ ಒಂಚೂರೂ ನೋವಿರ್ಲಿಲ್ಲ. ನೆಮ್ಮದಿಯಾಗಿ ಹೋದ್ರು" ಎಂದರು. ಒಳಗಿನಿಂದ ನೀರಿನ ಚೊಂಬು ಹಿಡಿದು ಬಂದ ಅವರ ಹೆಂಡತಿ ಬಾಗಿಲಲ್ಲೇ ನಿಂತರು.

"ನೀವು ಅಲ್ಲಿದ್ರಾ?" ಎಂದು ಕೇಳಿದರು.

ನೆಂಟರು ಆವತ್ತು ಗೋಣಿಬೀಡಿನಲ್ಲಿದ್ದರು. ಕೈ ಚಾಚಿ ಚೊಂಬು ತೆಗೆದುಕೊಂಡರು. ಸಾವಿನ ಮನೆಯೆಂಬುದನ್ನು ಮರೆತು ನಾವು ನಾಲ್ಕೈದು ಜನ ತಲೆ ತಗ್ಗಿಸಿ ನಕ್ಕೆವು. ಆ ಅಮ್ಮನೂ ನಕ್ಕು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆ ಪ್ರಶ್ನೆ ಅವರ ಗಂಡನದು. ತಾಲ್ಲೂಕು ಕಚೇರಿಯ ಎದುರಿನ ಅಂಗಡಿ ಜಗುಲಿಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು, ಎದುರಿಗೆ ಕೂತ ಪ್ರತಿಯೊಬ್ಬರನ್ನೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ.

ಅವರು ಕೊನೆಯಲ್ಲಿ ಹೇಗಿದ್ದರೋ ನನಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ. ನಾನು ಇದ್ದ ಕಡೆಯಿಂದ ಕಂಡಷ್ಟನ್ನು ಬರೆಯುತ್ತೇನೆ. ಹೆಸರು ಹಾಕುವುದಿಲ್ಲ. ಬರೆದದ್ದನ್ನು ಓದಿ ಹೇಳಿ ಒಪ್ಪಿಗೆ ಪಡೆಯದೆ ಯಾರ ಹೆಸರನ್ನೂ ಅವರು ಕಾಗದದ ಮೇಲೆ ಇಳಿಸುತ್ತಿರಲಿಲ್ಲ. ಇದನ್ನು ಓದಿ ಹೇಳಲು ಈಗ ಅವರಿಲ್ಲ.

ಜನ ಅವರನ್ನು 'ಅರ್ಜಿಯವರು' ಎನ್ನುತ್ತಿದ್ದರು. ಪಹಣಿ ತಿದ್ದುಪಡಿ, ವಿಧವಾ ವೇತನ, ಬೇಲಿ ಜಗಳ, ಬಿದ್ದ ಗೋಡೆಗೆ ಪರಿಹಾರ, ಹೀಗೆ ಸರ್ಕಾರಕ್ಕೆ ಏನು ಹೇಳಬೇಕಿದ್ದರೂ ಅವರ ಮೂಲಕ ಹೇಳುತ್ತಿದ್ದರು. ಹಣೆಗೆ ವಿಭೂತಿ, ತೋಳಿನ ಬನಿಯನ್ನಿನ ಮೇಲೆ ಬಿಳಿ ಶರ್ಟು, ಮಳೆಗಾಲದಲ್ಲಿ ಅದರ ಮೇಲೊಂದು ಬಣ್ಣಗೆಟ್ಟ ಸ್ವೆಟರು. ಯಂತ್ರಕ್ಕೆ ಗೊಬ್ಬರದ ಚೀಲದ ಒಳಪ್ಲಾಸ್ಟಿಕ್ಕನ್ನು ಹೊದಿಸುತ್ತಿದ್ದರು. ಅದರ ಒಂದು ಕೀಲಿ ಒತ್ತಿದರೆ ಮೇಲೆ ಬರುತ್ತಿರಲಿಲ್ಲ; ಪ್ರತಿ ಸಲವೂ ಎಡಗೈ ಕಿರುಬೆರಳಿನಿಂದ ಅದನ್ನು ಎತ್ತಿ ಕೂರಿಸಿ ಮುಂದೆ ಹೋಗುತ್ತಿದ್ದರು.

ಗೋಣಿಬೀಡು ಕಡೆಯ ಪ್ಲಾಂಟರೊಬ್ಬರು ಬಂದು ಹೇಳಿ ಬರೆಸುತ್ತಿದ್ದುದನ್ನು ಒಮ್ಮೆ ನಾನು ಪಕ್ಕದ ಬೆಂಚಿನಲ್ಲಿ ಕೂತು ಕೇಳಿದ್ದೆ. ಪಕ್ಕದ ತೋಟದವರು ಇವರ ಗಡಿಯ ಸಿಲ್ವರ್ ಮರ ಕಡಿದಿದ್ದರು.

"ಬರೀರಿ. ಸದರಿಯವರು ನನ್ನ ಮೇಲಿನ ದ್ವೇಷದಿಂದ ಮರ ಕಡಿದಿರುತ್ತಾರೆ."

"ಕಡಿದಿದ್ದು ನೋಡಿದ್ರಾ?"

"ನೋಡಿದೆ ಮಾರಾಯ್ರೆ, ನಮ್ಮ ಕಣದಲ್ಲಿ ನಿಂತು ನೋಡಿದೆ."

"ದ್ವೇಷ?"

"ಅದೂ ಗೊತ್ತು."

"ಕಣದಿಂದ ಕಾಣ್ತದಾ?"

"ಎಂಥದು ನೀವು! ಅವ್ನ ದ್ವೇಷ ನಂಗೆ ಗೊತ್ತಿಲ್ವಾ? ನನ್ನ ಭಾಮೈದ ಅವ್ನು!"

"ಹಾಗೆ ಹೇಳಿ ಮತ್ತೆ. ಸದರಿಯವರು ನನ್ನ ಭಾಮೈದ ಅಂತ ಬರೀತೀನಿ. ದ್ವೇಷ ತಹಶೀಲ್ದಾರ್ರಿಗೆ ತಾನಾಗೇ ಗೊತ್ತಾಗ್ತದೆ. ಅವರಿಗೂ ಹೆಂಡ್ತಿ ಕಡೆಯೋರು ಇದ್ದಾರೆ."

ಬರೆದಾದ ಮೇಲೆ ಓದಿ ಹೇಳುವುದು ಅವರ ಪದ್ಧತಿ. ಹೆಬ್ಬೆಟ್ಟು ಹಾಕುವವರಿಗೆ ಮಾತ್ರವಲ್ಲ, ಇಂಗ್ಲಿಷಿನಲ್ಲಿ ಸಹಿ ಮಾಡುವ ದೊಡ್ಡ ತೋಟದವರಿಗೂ ಓದುತ್ತಿದ್ದರು. ಓದುವಾಗ ಕಾಗದಕ್ಕಿಂತ ಹೆಚ್ಚು ಎದುರಿನವರ ಮುಖ ನೋಡುತ್ತಿದ್ದರು. ಬೇಗ ಬೇಗ ತಲೆ ಆಡಿಸಿದರೆ ಮತ್ತೆ ಮೊದಲಿನಿಂದ ಓದುತ್ತಿದ್ದರು. "ಬೇಗ ತಲೆ ಆಡಿಸೋರು ಕೇಳಿಸ್ಕೊಂಡಿರಲ್ಲ" ಎಂಬುದು ಅವರ ಅನುಭವ. ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಹೆಂಗಸೊಬ್ಬಳು ಒಮ್ಮೆ, "ಅಯ್ಯಾ, ಇದು ನನ್ನ ಮಾತಲ್ಲ" ಎಂದಳು. 'ಜೀವನ ದುಸ್ತರವಾಗಿದೆ' ಎಂದು ಬರೆದಿದ್ದರು. "ಮತ್ತೆ ಹೇಗೆ ಹೇಳ್ತೀಯಮ್ಮ?" ಎಂದರು. "ಎರಡು ಹೊತ್ತಿನ ಗಂಜಿ ಒಂದು ಹೊತ್ತಿಗೆ ಬಂದದೆ" ಎಂದಳು. ಕಾಗದ ಎಳೆದು, ಹೊಸ ಹಾಳೆ ಏರಿಸಿದರು.

ಈ ಹಟದಿಂದ ಕೆಡುಕೂ ಆಗುತ್ತಿತ್ತು. ಅದನ್ನೂ ಹೇಳಬೇಕು. ಮಳೆಗೆ ಮನೆ ಬಿದ್ದ ಒಬ್ಬಾತ 'ಎಲ್ಲ ಗೋಡೆ ಬಿದ್ದಿವೆ' ಎಂದು ಬರೆಸಲು ಬಂದ. ಎಷ್ಟು ಬಿದ್ದಿವೆ ಎಂದು ನೋಡಿಕೊಂಡು ಬಾ ಎಂದು ವಾಪಸು ಕಳಿಸಿದರು. ಅವನು ಊರಿಗೆ ಹೋಗಿ ಬರುವಷ್ಟರಲ್ಲಿ ಅರ್ಜಿಯ ದಿನ ಮುಗಿದಿತ್ತು. "ಉಳಿದ ಗೋಡೆ ಆಮೇಲೆ ಬಿತ್ತು. ನಂದೂ ತಪ್ಪಿದೆ" ಎಂದು ಅವರೇ ನನಗೆ ಹೇಳಿದ್ದರು. ಹೇಳುವಾಗ ಆ ಮೇಲೆ ಬಾರದ ಕೀಲಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು.

ನಾನು ತೊಂಬತ್ತರ ದಶಕದಲ್ಲಿ ಬಾಳೂರು ಕಡೆಯ ಒಂದು ಪ್ರಾಥಮಿಕ ಶಾಲೆಗೆ ಟೀಚರಾಗಿ ಬಂದವಳು. ಕಥೆ ಬರೆಯುವ ಹುಚ್ಚಿತ್ತು. ಕೈಬರಹದ ಕಥೆಯನ್ನು ಪತ್ರಿಕೆಯವರು ಓದುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಟೈಪು ಮಾಡಿಸಲು ಅವರ ಬಳಿ ಹೋದೆ. ಮೊದಲ ಕಥೆ ಒಬ್ಬ ಪ್ಲಾಂಟರ ಹೆಂಡತಿಯದು. ಆಕೆ ಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಾಳೆ. ಕಾಫಿ ಒಣಗಿಸುವ ಕಣದ ಆಚೆ, ಗೋಡೌನಿನ ಹಿಂದೆ, ಅವಳ ಗಂಡ ಯಾರೊಂದಿಗೋ ಗುಟ್ಟಾಗಿ ಮಾತಾಡುತ್ತಿದ್ದಾನೆ. ಅವನ ಕತ್ತಿನ ಮೇಲೆ ಬೆವರಿನ ಹನಿ. ಅಲ್ಲಿಗೆ ಬಂದು ಟೈಪು ನಿಂತಿತು.

"ಟೀಚರ್ರೆ, ಈ ಅಮ್ಮ ಕಿಟಕೀಲಿದ್ದಾರೆ. ಗೋಡೌನ್ ಹಿಂದಿನ ಬೆವರು ಹೇಗೆ ಕಾಣ್ತು?"

"ಅವಳಿಗೆ ಕಾಣದಿದ್ರೂ ಬರೆಯೋರಿಗೆ ಕಾಣ್ತದಲ್ಲ" ಎಂದೆ. "ಕಥೆ ಬರೆಯೋರಿಗೆ ಎಲ್ಲ ಕಡೆಯೂ ಕಾಣ್ತದೆ."

"ದೇವರಿಗೂ ಹಾಗೆ ಅಂತಾರೆ. ಆದ್ರೆ ದೇವರು ಯಾರ ಪರವಾಗಿಯೂ ಅರ್ಜಿ ಕೊಡಲ್ಲ. ನೀವು ಈ ಅಮ್ಮನ ಪರ ಕೊಡ್ತಾ ಇದ್ದೀರಿ. ಅವರು ಕಂಡಿದ್ದು ಬೇರೆ, ನೀವು ಅಂದ್ಕೊಂಡಿದ್ದು ಬೇರೆ. ಎರಡನ್ನೂ ಒಂದೇ ಸಾಲಲ್ಲಿ ಕಟ್ಟಿದ್ರೆ ಓದೋನು ಯಾರನ್ನ ನಂಬಬೇಕು?"

ನನಗೆ ಸಿಟ್ಟು ಬಂತು. ಆದರೂ ಬೆವರಿನ ಹನಿ ತೆಗೆದೆ. ಅದರ ಬದಲು, ಗೋಡೌನಿನ ಗೋಡೆಯ ಅಂಚಿನಲ್ಲಿ ಗಂಡನ ಛತ್ರಿಯ ತುದಿ ಮಾತ್ರ ಕಾಣುತ್ತಿತ್ತು, ಅದು ಬಹಳ ಹೊತ್ತು ಅಲ್ಲಾಡಲಿಲ್ಲ ಎಂದು ಬರೆದೆ. ಅವರು ಅದನ್ನು ಓದಿ, "ಈಗ ನಂಗೂ ಹೆದರಿಕೆ ಆಯ್ತು" ಎಂದು ಟೈಪು ಮುಂದುವರಿಸಿದರು.

ಇದೆಲ್ಲ ಪಾಠವೆಂದು ಆಗ ನನಗೆ ಅನ್ನಿಸಿರಲಿಲ್ಲ. ಪಾಠವಾದದ್ದು ಜೀಪಿನ ಕಥೆಯಿಂದ.

ಬಾಳೂರಿನಿಂದ ಮೂಡಿಗೆರೆಗೆ ಬರುವ ಜೀಪುಗಳಲ್ಲಿ ಹದಿನಾಲ್ಕು, ಹದಿನೈದು ಜನ. ಹಿಂದಿನ ಹಲಗೆಯ ಮೇಲೆ ನಿಂತು ಜೋತುಬಿದ್ದವರು ಬೇರೆ. ಡ್ರೈವರಿನ ಕನ್ನಡಿಯಲ್ಲಿ ಜೋತುಬಿದ್ದವರ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಹಾಗಾಗಿ ಎಲ್ಲರೂ ಒಪ್ಪಿಕೊಂಡ ಒಂದು ಏರ್ಪಾಡಿದೆ. ಮುಂದೆ, ಎಡಗಡೆಯ ಅಂಚಿನಲ್ಲಿ ಕೂತವರು ಹೊರಗೆ ಬಾಗಿ ಹಿಂದೆ ನೋಡಬೇಕು. ಡ್ರೈವರ್ "ಹತ್ತಿದ್ರಾ?" ಎನ್ನುತ್ತಾನೆ. ಅಂಚಿನವರು ನೋಡಿ "ರೈಟ್" ಎನ್ನುತ್ತಾರೆ. ಜೀಪು ಹೊರಡುತ್ತದೆ. ಆ ಸೀಟನ್ನು ಸಾಮಾನ್ಯವಾಗಿ ಟೀಚರುಗಳಿಗೆ, ನರ್ಸುಗಳಿಗೆ ಬಿಟ್ಟುಕೊಡುತ್ತಾರೆ.

ಒಂದು ಶನಿವಾರ, ಶಾಲೆ ಬೆಳಗ್ಗೆಯೇ ಮುಗಿದಿತ್ತು. ನಾನು ಆ ಸೀಟಿನಲ್ಲಿದ್ದೆ. ಮೂಡಿಗೆರೆಯಲ್ಲಿ ಚಿಕ್ಕಮಗಳೂರಿನ ಬಸ್ಸು ಹಿಡಿಯಬೇಕಿತ್ತು. ತಡವಾಗಿತ್ತು. ಒಂದು ಎಸ್ಟೇಟಿನ ಗೇಟಿನ ಬಳಿ ಜೀಪು ನಿಂತಿತು. ಯಾರೋ ಹತ್ತುತ್ತಿದ್ದರು, ಜೀಪು ಹಿಂದಕ್ಕೆ ವಾಲಿದ್ದು ನನಗೆ ತಿಳಿಯಿತು. "ಹತ್ತಿದ್ರಾ?" ಎಂದ ಡ್ರೈವರ್. ನಾನು ಕೈಗಡಿಯಾರ ನೋಡುತ್ತಿದ್ದೆ. "ರೈಟ್" ಎಂದೆ.

ಹಲಗೆಯ ಮೇಲೆ ಒಂದು ಕಾಲಿಟ್ಟಿದ್ದ ಹೆಂಗಸು ರಸ್ತೆಗೆ ಬಿದ್ದಳು. ಅದೇ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವವಳು. ಸೊಂಟದ ಮೂಳೆ ಮುರಿಯಿತು. ಮತ್ತೆಂದೂ ಅವಳು ಇಳಿಜಾರಿನ ತೋಟಕ್ಕೆ ಹೋಗಲಿಲ್ಲ.

ಡ್ರೈವರಿನ ಮೇಲೆ ಕೇಸಾಯಿತು. ಲೈಸೆನ್ಸ್ ಹೋಯಿತು. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅಜಾಗರೂಕತೆಯಿಂದ ಓಡಿಸಿದ ಎಂದು ಎಲ್ಲರೂ ಹೇಳಿದರು. ಅವನು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ನಮ್ಮ ಹೆಡ್‌ಮಾಸ್ತರರಲ್ಲಿ ಮಾತ್ರ ಬಾಯಿಬಿಟ್ಟೆ. "ನಿಮ್ಮನ್ನ ಯಾರಾದ್ರೂ ಕೇಳಿದ್ರಾ? ಇಲ್ವಲ್ಲ. ಸುಮ್ನಿರಿ. ಸರ್ಕಾರಿ ಕೆಲಸ" ಎಂದರು. ಸುಮ್ಮನಿದ್ದೆ. ಮಕ್ಕಳಿಗೆ ಮಗ್ಗಿ ಹೇಳಿಕೊಡುವಾಗ ನಡುವೆ ನನ್ನ ಬಾಯಿಗೆ "ರೈಟ್" ಎಂಬ ಪದ ಬಂದರೆ ತಿರುಗಿ ಕಪ್ಪುಹಲಗೆ ಒರೆಸತೊಡಗುತ್ತಿದ್ದೆ.

ಮೂರು ತಿಂಗಳಾದ ಮೇಲೆ ಅದನ್ನು ಕಥೆ ಮಾಡಿದೆ. ಬರೆದುಬಿಟ್ಟರೆ ಹೋಗುತ್ತದೆ ಎಂದುಕೊಂಡಿದ್ದೆ. ಡ್ರೈವರಿನ ಒಳಗೆ ಕೂತು ಬರೆದೆ. ಅವನ ಮನಸ್ಸು ಅಂದು ಎಲ್ಲೋ ಇತ್ತು. ಬೆಳಗ್ಗೆ ತಮ್ಮನೊಡನೆ ಜಗಳವಾಗಿತ್ತು. ಆ ಸಿಟ್ಟು ಕಾಲಿಗೆ ಇಳಿದು, ಹಿಂದೆ ನೋಡದೆ ಜೀಪು ಎಳೆದ. ಎಂಟು ಪುಟ. ಇಷ್ಟು ಚೆನ್ನಾಗಿ ಹಿಂದೆಂದೂ ಬರೆದಿರಲಿಲ್ಲ ಎಂದು ನನಗೆ ಅನ್ನಿಸಿತ್ತು.

ಅರ್ಜಿಯವರು ನಾಲ್ಕು ಪುಟ ಟೈಪು ಮಾಡಿದರು. ಬೆರಳುಗಳು ನಿಂತವು. ಹಿಂದಿನ ಪುಟಗಳನ್ನು ತಿರುವಿ ಮತ್ತೆ ಓದಿದರು. ಜಿಟಿಜಿಟಿ ಮಳೆ. ಅಂಗಡಿಯವನು ಮೂಟೆಗಳನ್ನು ಒಳಗೆಳೆಯುತ್ತಿದ್ದ.

"ಟೀಚರ್ರೆ, ಈ ಜೀಪಲ್ಲಿ ಎಷ್ಟು ಜನ?"

"ಹದಿನಾಲ್ಕು ಅಂತ ಬರೆದಿದ್ದೀನಲ್ಲ."

"ಹಿಂದೆ ಯಾರ್ಯಾರು ಕೂತಿದ್ರು ಎಲ್ಲ ಇದೆ. ಕೋಳಿ ಬುಟ್ಟಿಯೂ ಇದೆ. ಡ್ರೈವರ್ ಪಕ್ಕ ಕೂತ ಅಜ್ಜ ಇದ್ದಾರೆ. ಎಡಗಡೆ ಅಂಚಿನ ಸೀಟಲ್ಲಿ ಯಾರೂ ಇಲ್ಲ."

ನಾನು ಮಡಿಚಿಟ್ಟ ಛತ್ರಿಯ ನೀರು ಕೊಡವಿದೆ.

"ಈ ಊರಲ್ಲಿ ಹುಟ್ಟಿ ಬೆಳೆದೋನು ನಾನು. ಜನ ಹಿಂದೆ ಜೋತು ಬಿದ್ದಿರುವಾಗ ಆ ಸೀಟು ಖಾಲಿ ಇದ್ದ ಜೀಪು ಇನ್ನೂ ನೋಡಿಲ್ಲ."

ಅವರ ಮನಸ್ಸಿನಲ್ಲಿ ಆಗ ಏನಿತ್ತು ಎಂದು ನಾನು ಬರೆಯಲಾರೆ. ಅವರಿಗೆ ಮೊದಲೇ ವಿಷಯ ತಿಳಿದಿತ್ತೇ? ಡ್ರೈವರ್ ತನ್ನ ಲೈಸೆನ್ಸಿನ ಅರ್ಜಿ ಬರೆಸಿದ್ದು ಅವರಲ್ಲೇ ಎಂದು ವರ್ಷಗಳ ಮೇಲೆ ಗೊತ್ತಾಯಿತು. ಆದರೆ ಒಬ್ಬರ ಅರ್ಜಿಯ ವಿಷಯ ಇನ್ನೊಬ್ಬರ ಮುಂದೆ ಅವರು ಆಡಿದವರಲ್ಲ. ಆವತ್ತೂ ಆಡಲಿಲ್ಲ. ನನಗೆ ಕಂಡದ್ದು ಇಷ್ಟು: ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು, ನನ್ನ ಕಡೆ ನೋಡಲಿಲ್ಲ, ರಸ್ತೆ ನೋಡುತ್ತಾ ಕೂತರು.

"ನಾನಿದ್ದೆ" ಎಂದೆ.

"ಹ್ಞೂಂ."

"ನೋಡದೆ ರೈಟ್ ಅಂದೆ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಕಥೆಯ ಹಾಳೆಯನ್ನು ಯಂತ್ರದಿಂದ ನಿಧಾನವಾಗಿ, ಹರಿಯದಂತೆ ತಿರುಗಿಸಿ ತೆಗೆದರು.

"ಯಾರ ಕಣ್ಣಿಂದ ಬೇಕಾದ್ರೂ ಕಥೆ ಬರೀಬಹುದು ಟೀಚರ್ರೆ. ಅದು ತಪ್ಪಲ್ಲ. ಆದ್ರೆ ನೀವು ಅವನ ಕಣ್ಣು ತಗೊಂಡಿದ್ದು ಅವನಿಗೆ ಕಂಡಿದ್ದು ಹೇಳೋಕಲ್ಲ. ನಿಮಗೆ ಕಂಡಿದ್ದು ಹೇಳದೇ ಇರೋಕೆ."

 

"ಏನ್ ಮಾಡ್ಲಿ?" ಎಂದೆ.

"ಮೊದಲು ಸ್ಟೇಷನ್ನು. ಆಮೇಲೆ ಆ ಹೆಂಗಸಿನ ಮನೆ. ಕಥೆ ಆಮೇಲೆ."

ಹೊಸ ಹಾಳೆ, ಕಾರ್ಬನ್ನು, ಇನ್ನೊಂದು ಹಾಳೆ ಸೇರಿಸಿ ಏರಿಸಿದರು. ನಾನು ಹೇಳಿಕೆ ಹೇಳತೊಡಗಿದೆ. "ಮುಂದಿನ ಸೀಟಿನಲ್ಲಿದ್ದ ಪ್ರಯಾಣಿಕರು ಹಿಂದಕ್ಕೆ ನೋಡದೆ..." ಎಂದೆ.

"ಯಾರವರು, ಪ್ರಯಾಣಿಕರು?"

ಮತ್ತೆ ಮೊದಲಿನಿಂದ ಹೇಳಿದೆ. 'ನಾನು' ಎಂದು ಶುರುಮಾಡಿದೆ. ಬಸ್ಸು, ಕೈಗಡಿಯಾರ, ಜೀಪು ವಾಲಿದ್ದು, ಆ ಒಂದು ಪದ. ಎಂಟು ಪುಟದ ಕಥೆ ಹತ್ತು ಸಾಲಿನ ಹೇಳಿಕೆಯಾಯಿತು. ಟೀಚರೆಂದು ಅವರು ಬಿಡಲಿಲ್ಲ. ಎಲ್ಲರಿಗೂ ಓದುವಂತೆ ನನಗೂ ಗಟ್ಟಿಯಾಗಿ ಓದಿದರು. ನಾನು ಬೇಗ ತಲೆ ಆಡಿಸಿದೆ. ಮೊದಲಿನಿಂದ ಮತ್ತೆ ಓದಿದರು. ಎರಡನೆಯ ಸಲ ನಾನು ಕೇಳಿಸಿಕೊಂಡೆ.

ಸ್ಟೇಷನ್ನಿನಲ್ಲಿ ನನ್ನನ್ನು ಕೂರಿಸಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಕೋರ್ಟಿಗೆ ಎರಡು ಸಲ ಹೋಗಿ ಸಾಕ್ಷಿ ನುಡಿದೆ. ಊರಲ್ಲಿ ಬೆನ್ನ ಹಿಂದೆ ಮಾತುಗಳು ಬಂದವು, ಮುಖದ ಮುಂದೆಯೂ ಬಂದವು. ಕೆಲಸ ಹೋಗಲಿಲ್ಲ. ಡ್ರೈವರಿಗೆ ಲೈಸೆನ್ಸ್ ಸಿಕ್ಕಿತು. ಅದು ನನ್ನ ಮಾತಿನಿಂದಲೇ ಸಿಕ್ಕಿತೆಂದು ಹೇಳಲಾರೆ. ಹೆಚ್ಚು ಜನ ತುಂಬಿದ್ದಕ್ಕೆ ಅವನಿಗೆ ಶಿಕ್ಷೆಯಂತೂ ಆಯಿತು. ಕೋರ್ಟಿನ ಮೆಟ್ಟಿಲ ಮೇಲೆ ಅವನು, "ಆವತ್ತೇ ಹೇಳ್ಬೋದಿತ್ತಲ್ಲ ಟೀಚರ್ರೆ" ಎಂದ. ಎರಡು ಮೆಟ್ಟಿಲು ಇಳಿದು ಮತ್ತೆ ತಿರುಗಿ, "ನಾನೂ ಇಳಿದು ನೋಡ್ಬೇಕಿತ್ತು" ಎಂದ. ಆಮೇಲೆ ಅವನ ಜೀಪಿನಲ್ಲಿ ನಾನು ಹಿಂದೆಯೇ ಕೂರುತ್ತಿದ್ದೆ. ಮುಂದೆ ಬನ್ನಿ ಎಂದು ಅವನು ಕರೆಯಲಿಲ್ಲ. ಕರೆಯದಿದ್ದದ್ದೇ ಸರಿ ಅನ್ನಿಸುತ್ತಿತ್ತು.

ಆ ಹೆಂಗಸಿನ ಲೈನ್ ಮನೆಗೆ ಹೋದಾಗ ಅವಳು ಬಾಗಿಲ ಬಳಿ ಗೋಣಿಯ ಮೇಲೆ ಕೂತು ಮೊರದಲ್ಲಿ ಕಾಫಿ ಬೀಜ ಆರಿಸುತ್ತಿದ್ದಳು. ಕೂತು ಮಾಡುವ ಕೆಲಸ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅದನ್ನು ಕೊಟ್ಟಿದ್ದರಂತೆ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಹೇಳಿದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

"ಗೊತ್ತು" ಎಂದಳು. "ನಿಮ್ಮ ಜಡೆ ಕಾಣ್ತಿತ್ತು ಟೀಚರ್ರೆ. ಅಂಚಲ್ಲಿ ಕೂತಿದ್ರಲ್ಲ, ಗಾಳಿಗೆ ಹೊರಗೆ ಬಂದಿತ್ತು. ಸೇವಂತಿಗೆ ಮುಡಿದಿದ್ರಿ. ಈಗ ತಿರುಗ್ತಾರೆ, ಈಗ ತಿರುಗ್ತಾರೆ ಅಂತ ನೋಡ್ತಾ ಇದ್ದೆ. ಹೂವು ಅಲ್ಲಾಡ್ಲೇ ಇಲ್ಲ."

"ಯಾಕೆ ಯಾರಿಗೂ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಡ್ರೈವರ್ ಜೋರಾಗಿ ಎಳೆದ್ನಾ ಅಂತ ಕೇಳಿದ್ರು. ಎಳೆದ ಅಂದೆ."

ನನ್ನ ಕಣ್ಣು ತುಂಬಿತು. ಅವಳು ಆಗ ಮೊದಲ ಸಲ ನನ್ನ ಮುಖ ನೋಡಿದಳು. "ಅಳ್ಬೇಡಿ. ನೀವು ಅತ್ರೆ ನಾನು ಸಮಾಧಾನ ಮಾಡ್ಬೇಕಾಗ್ತದೆ. ನನ್ನ ಕೈಲಾಗಲ್ಲ" ಎಂದಳು. ಅಳಲಿಲ್ಲ. ಅವಳ ಎದುರು ಕೂತು ಸಂಜೆಯವರೆಗೆ ಬೀಜ ಆರಿಸಿದೆ.

ಕಥೆಯನ್ನು ಮತ್ತೆ ಬರೆಯಲು ಎರಡು ವರ್ಷ ಹಿಡಿಯಿತು. ಈ ಸಲ ಎಡಗಡೆ ಸೀಟಿನಿಂದಲೇ ಬರೆದೆ. ಕೊನೆಯ ಒಂದು ಪುಟವನ್ನು ಮಾತ್ರ ಅವಳ ಕಡೆಯಿಂದ ಬರೆದು, ಅರ್ಜಿಯವರ ಪದ್ಧತಿಯಂತೆ ಅವಳಿಗೆ ಓದಿ ಹೇಳಲು ಹೋದೆ. 'ಸೊಂಟದಿಂದ ನೋವು ಬೆಂಕಿಯಂತೆ ಎದ್ದಿತು' ಎಂದು ಬರೆದಿದ್ದೆ. ಅವಳು ಕೈ ಎತ್ತಿ ತಡೆದಳು.

"ನೋವು ಆಗ ಆಗ್ಲಿಲ್ಲ. ಮೊದ್ಲು ನಾಚ್ಕೆ ಆಯ್ತು. ಸೀರೆ ಮೇಲೆ ಹೋಗಿತ್ತು. ಎಲ್ರೂ ನೋಡ್ತಿದ್ರು."

ಅವಳು ಹೇಳಿದಂತೆಯೇ ತಿದ್ದಿ, ಮತ್ತೆ ಓದಿದೆ. "ಹ್ಞಾಂ, ಇದು ಸರಿ. ಹಾಕಿ" ಎಂದಳು.

ಆ ಸಾಲು ಟೈಪು ಮಾಡುವಾಗ ಅರ್ಜಿಯವರ ಬೆರಳುಗಳು ಮತ್ತೊಮ್ಮೆ ನಿಂತವು.

"ಇದು ನೀವು ಕಟ್ಟಿದ್ದಲ್ಲ."

"ಅಲ್ಲ. ಹೋಗಿ ಕೇಳಿದ್ದು."

"ನಿಮ್ಮ ಸೀಟಿಂದ ಇದು ಕಾಣ್ತಿರ್ಲಿಲ್ಲ ನೋಡಿ" ಎಂದು, ಕಿರುಬೆರಳಿನಿಂದ ಕೀಲಿ ಎತ್ತಿ ಕೂರಿಸಿ, ಮುಂದಿನ ಸಾಲಿಗೆ ಹೋದರು. ನನ್ನ ಬರವಣಿಗೆಗೆ ಅವರಿಂದ ಸಿಕ್ಕ ಹೊಗಳಿಕೆಯೆಂದರೆ ಇದು ಮತ್ತು ಆ ಛತ್ರಿಗೆ ಹೆದರಿದ್ದು.

ಕಥೆ ಎರಡು ಕಡೆಯಿಂದ ವಾಪಸು ಬಂದು ಮೂರನೆಯ ಕಡೆ ಅಚ್ಚಾಯಿತು. ಅಷ್ಟು ಹೊತ್ತಿಗೆ ತಾಲ್ಲೂಕು ಕಚೇರಿಯ ಎದುರು ಕಂಪ್ಯೂಟರ್ ಅಂಗಡಿಗಳು ಬಂದಿದ್ದವು. ಅರ್ಜಿಗಳು ಅಲ್ಲಿ ಐದು ನಿಮಿಷದಲ್ಲಿ ತಯಾರಾಗುತ್ತಿದ್ದವು. ಎಲ್ಲರ ಕಷ್ಟಕ್ಕೂ ಒಂದೇ ಮಾದರಿ, ಹೆಸರು ಬದಲಿಸಿದರಾಯಿತು. ಅವರು ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಸಿಟ್ಟು ಅದೇ ಜಗುಲಿಯಲ್ಲಿ ಕೂರುತ್ತಿದ್ದರು. ಜನ ಕಂಪ್ಯೂಟರಿನ ಹಾಳೆ ಹಿಡಿದು ಅವರ ಬಳಿ ಬರುತ್ತಿದ್ದರು. "ಅರ್ಜಿಯವ್ರೆ, ಇದರಲ್ಲಿ ಎಂಥ ಬರ್ದಿದಾರೆ, ಸ್ವಲ್ಪ ಓದಿ ಹೇಳಿ." ಓದಿ ಹೇಳುತ್ತಿದ್ದರು. ಒಂದು ಕಣ್ಣಿಗೆ ಪೊರೆ ಬಂದ ಮೇಲೆ ಹಾಳೆಯನ್ನು ಮೂಗಿನ ಹತ್ತಿರ ಹಿಡಿಯಬೇಕಾಗಿ, ಎದುರಿನವರ ಮುಖ ಕಾಣುವುದಿಲ್ಲವಲ್ಲ ಎಂದು ಬೇಸರ ಮಾಡಿಕೊಳ್ಳುತ್ತಿದ್ದರು. ಅವರನ್ನು ನಾನು ಕೊನೆಯ ಬಾರಿ ಕಂಡದ್ದು ಹಾಗೆ. ಎದುರಿಗೆ ಒಬ್ಬ ಮುದುಕಿ. ಅವರ ಮುಖ ಹಾಳೆಯ ಹಿಂದಿತ್ತು, ದನಿ ಮಾತ್ರ ಬರುತ್ತಿತ್ತು: "ಅಜ್ಜಿ, ತಲೆ ಆಡಿಸ್ಬೇಡ, ಬಾಯಲ್ಲಿ ಹೇಳು. ಇದು ನಿನ್ನ ಮಾತು ಹೌದೋ ಅಲ್ವೋ?"

ಮಣ್ಣು ಮಾಡಿದ ದಿನ ಸಂಜೆ ಬಾಳೂರಿಗೆ ಹೊರಟ ಜೀಪು ಅದೇ ಡ್ರೈವರಿನದು. ಅವನೂ ಮಣ್ಣಿಗೆ ಬಂದಿದ್ದ. ಕೂದಲು ಬೆಳ್ಳಗಾಗಿದೆ. ನಾನು ಹಿಂದಕ್ಕೆ ಹೋಗುತ್ತಿದ್ದೆ. ಅವನು ಎಡಗಡೆ ಅಂಚಿನಲ್ಲಿ ಕೂತಿದ್ದವನಿಗೆ, "ನೀನು ಹಿಂದೆ ಹೋಗು ಮಾರಾಯ, ಟೀಚರ್ ಕೂತ್ಕೊಳ್ಳಿ" ಎಂದ. ಇಷ್ಟು ವರ್ಷಗಳಲ್ಲಿ ಆ ಸೀಟಿನಲ್ಲಿ ನಾನು ಮತ್ತೆ ಕೂತಿರಲಿಲ್ಲ. ಕೂತೆ.

ಕೊಟ್ಟಿಗೆಹಾರ ದಾಟಿದ ಮೇಲೆ ಒಂದು ಗೇಟಿನ ಬಳಿ ಜೀಪು ನಿಂತಿತು. ಹಿಂದಕ್ಕೆ ವಾಲಿತು.

"ಹತ್ತಿದ್ರಾ?" ಎಂದ.

ನಾನು ಕಂಬಿ ಹಿಡಿದು ಹೊರಗೆ ಬಾಗಿ ಹಿಂದೆ ನೋಡಿದೆ. ಮಳೆಹನಿ ಕಣ್ಣಿಗೆ ಬಡಿಯುತ್ತಿತ್ತು. ಮಳೆಗೆ ಗೋಣಿಕೊಪ್ಪೆ ಹೊದ್ದ ಒಬ್ಬಳು ಹಲಗೆಯ ಮೇಲೆ ಒಂದು ಕಾಲಿಟ್ಟಿದ್ದಳು. ಅವಳೂ ನನ್ನ ಕಡೆಯೇ ನೋಡುತ್ತಿದ್ದಳು. ಇನ್ನೊಂದು ಕಾಲು ನೆಲ ಬಿಟ್ಟು ಮೇಲೆ ಬಂತು. ಒಂದು ಕೈ ಕಂಬಿ ಹಿಡಿಯಿತು. ಎರಡನೆಯ ಕೈಯೂ ಹಿಡಿಯಿತು.

ಡ್ರೈವರ್ ಮತ್ತೊಮ್ಮೆ ಕೇಳಲಿಲ್ಲ, ಕಾದ.

"ರೈಟ್" ಎಂದೆ.